ಕಬ್ಬಿನ ದುಡ್ಡನ್ನ ತಾಮ್ರದ ಕಂಪನಿ ಷೇರಿಗೆ ಹಾಕಬಹುದಾ? ಗಣಿ ಕೆಲಸ ಗೊತ್ತಿರೋರು ಹೇಳಿ

ಕೊತ್ತತ್ತಿ ರೈತ, ಮಂಡ್ಯ — ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಂದು ಮಂಡ್ಯ ಪಕ್ಕ ಕೊತ್ತತ್ತಿ ಕಡೆ. ಮೂರು ಎಕರೆ ಕಬ್ಬು, ಒಂದು ಎಕರೆ ಭತ್ತ. ಈ ಸಲ ಕಬ್ಬಿನ ದುಡ್ಡು ಒಟ್ಟಿಗೆ ಬಂತು. ಸೊಸೈಟಿ ಸಾಲ ಕಟ್ಟಿ ಎರಡೂವರೆ ಲಕ್ಷ ಉಳಿದದೆ. ಮಗಳು ಮುಂದಿನ ವರ್ಷ ಪಿಯುಸಿ ಮುಗಿಸ್ತಾಳೆ, ಅಷ್ಟರಲ್ಲಿ ಇದನ್ನ ಸ್ವಲ್ಪ ಬೆಳೆಸಬೇಕು ಅನ್ನೋದು ಆಸೆ.

ನನ್ನ ಭಾಮೈದ ಬೆಂಗಳೂರಲ್ಲಿ ಕೆಲಸದಲ್ಲವ್ನೆ. ಅವನು ಒಂದು ಸಣ್ಣ ಗಣಿ ಕಂಪನಿ ಷೇರು ಹೇಳ್ತಾವ್ನೆ. ಹೆಸರು ಇಲ್ಲಿ ಹಾಕಲ್ಲ, ತಪ್ಪಾದೀತು. ಕಂಪನಿ ಇನ್ನೂ ಒಂದು ಕೆಜಿ ತಾಮ್ರನೂ ತೆಗೆದಿಲ್ಲ. ಉತ್ತರದ ಒಂದು ರಾಜ್ಯದಲ್ಲಿ ತಾಮ್ರ ಹುಡುಕೋಕೆ ಲೈಸೆನ್ಸ್ ಸಿಕ್ಕಿದೆಯಂತೆ. ಏಳು ತಿಂಗಳಲ್ಲಿ 14 ರೂಪಾಯಿ ಷೇರು 61 ಆಗಿದೆ. ಭಾಮೈದ ಆಗಲೇ ಎರಡು ಲಕ್ಷ ಹಾಕವ್ನೆ. "ಭಾವ, ಬ್ಯಾಂಕಲ್ಲಿಟ್ಟು ಕೂತ್ರೆ ಏನು ಬಂತು, ಹಾಕಿ" ಅಂತ ದಿನಾ ಫೋನು.

ಅವನು ಕಳಿಸಿದ ಮೆಸೇಜಲ್ಲಿ ಇರೋದು ಇಷ್ಟು: "ಮೂರನೇ ಬೋರ್‌ನಲ್ಲಿ 38 ಮೀಟರ್ ಉದ್ದಕ್ಕೂ ಶೇ 1.2 ತಾಮ್ರ. 300 ಮೀಟರ್ ಉದ್ದ, 100 ಮೀಟರ್ ಆಳ ಹಿಡಿದರೂ ನೆಲದಡಿ 3,000 ಕೋಟಿ ರೂಪಾಯಿ ತಾಮ್ರ. ಕಂಪನಿಯ ಮಾರ್ಕೆಟ್ ಬೆಲೆ ಬರೀ 240 ಕೋಟಿ. ಆಸ್ಟ್ರೇಲಿಯಾದ ಸ್ಯಾಂಡ್‌ಫೈರ್ ಗಣಿ ಕಂಪನಿ ಕಥೆ ಇಲ್ಲೂ ಆಗುತ್ತೆ."

ನಮ್ದು ನಾಲೆ ನೀರು ಕಡೇಲಿ ಬರೋ ಜಾಗ. ಹೊಲದಲ್ಲಿ ಮೂರು ಬೋರ್ ಕೊರೆಸಿದೀನಿ. ಒಂದರಲ್ಲಿ ಎರಡಿಂಚು ನೀರು. ಅದರಿಂದ ನಲವತ್ತು ಅಡಿ ಪಕ್ಕಕ್ಕೆ ಕೊರೆಸಿದ್ದರಲ್ಲಿ ಬರೀ ಧೂಳು ಬಂತು. ಅದಕ್ಕೇ ಕೇಳ್ತಿರೋದು. ಮೂರು ಬೋರ್ ಕೊರೆದು 3,000 ಕೋಟಿ ಅಂತ ಹೇಳೋಕೆ ಆಗುತ್ತಾ? ಹೇಳೋಕಾದ್ರೆ ಕಂಪನಿ ಬೆಲೆ 240 ಕೋಟಿ ಯಾಕದೆ?

ಗಂಗೋತ್ರಿ ಹುಡುಗ, ಮೈಸೂರು — ಸೋಮವಾರ ರಾತ್ರಿ

ಸಾರ್, ನಾನು ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಎಂ.ಎಸ್ಸಿ. ಓದ್ತಿದೀನಿ. ನೀವು ಹೇಳಿದ ಕಂಪನಿ ಬಗ್ಗೆ ಗೊತ್ತಿಲ್ಲ, ಆದರೆ "ಗಣಿಯೇ ಇಲ್ಲದ ಕಂಪನಿಗೆ ಬೆಲೆ ಎಲ್ಲಿಂದ" ಅಂತ ತಳ್ಳಿಹಾಕೋದು ಸರಿಯಲ್ಲ. ಅರ್ಜೆಂಟೀನಾ–ಚಿಲಿ ಗಡಿಯ ಆಂಡಿಸ್ ಬೆಟ್ಟದ ಮೇಲೆ ಫಿಲೋ ಅನ್ನೋ ಕಂಪನಿ ತಾಮ್ರ ಹುಡುಕಿತ್ತು. ಒಂದು ಕೆಜಿನೂ ಮಾರಿರಲಿಲ್ಲ. 2024ರ ಜುಲೈನಲ್ಲಿ ಬಿಎಚ್‌ಪಿ ಮತ್ತು ಲುಂಡಿನ್ ಅನ್ನೋ ದೊಡ್ಡ ಗಣಿ ಕಂಪನಿಗಳು ಸೇರಿ ಅದನ್ನ ಸುಮಾರು 410 ಕೋಟಿ ಕೆನಡಾ ಡಾಲರ್‌ಗೆ ಕೊಳ್ತೀವಿ ಅಂತ ಘೋಷಿಸಿದರು. ಕೊಂಡದ್ದು ಬೋರ್‌ಗಳ ಫಲಿತಾಂಶವನ್ನೇ.

ಮಂಗೋಲಿಯಾದ ಒಯು ತೊಲ್ಗೊಯ್ ಕೂಡ ಹಾಗೇ. ಬಿಎಚ್‌ಪಿಯವರು ಹುಡುಕಿ ಸಾಕು ಅಂತ ಬಿಟ್ಟ ಜಾಗ. 2000ದಲ್ಲಿ ಐವನ್‌ಹೋ ಅನ್ನೋ ಸಣ್ಣ ಕಂಪನಿ ತಗೊಂಡು ಇನ್ನೂ ಆಳಕ್ಕೆ ಕೊರೆದಾಗ ಜಗತ್ತಿನ ದೊಡ್ಡ ತಾಮ್ರದ ನಿಕ್ಷೇಪಗಳಲ್ಲಿ ಒಂದು ಸಿಕ್ಕಿತು.

ತಾಮ್ರದ ಬೇಡಿಕೆಯೂ ಸುಳ್ಳಲ್ಲ. 2024ರ ಮೇ ತಿಂಗಳಲ್ಲಿ ಲಂಡನ್ ಲೋಹ ಮಾರುಕಟ್ಟೆಯಲ್ಲಿ ಟನ್ನಿಗೆ 11,000 ಡಾಲರ್ ದಾಟಿತ್ತು. ತೂತ್ತುಕುಡಿಯ ಕರಗಿಸುವ ಘಟಕ 2018ರಲ್ಲಿ ಮುಚ್ಚಿದ ಮೇಲೆ ನಮ್ಮ ದೇಶ ಶುದ್ಧ ತಾಮ್ರವನ್ನೂ ಹೊರಗಿಂದ ತರಿಸುವಂತಾಯಿತು. ಸಾಧ್ಯತೆಗೆ ಬೆಲೆ ಇದ್ದೇ ಇದೆ ಸಾರ್.

ಹಳೇ ಕೋರ್ ಪೆಟ್ಟಿಗೆ, ಕುವೆಂಪುನಗರ, ಮೈಸೂರು — ಮಂಗಳವಾರ ಬೆಳಿಗ್ಗೆ

ಕೊತ್ತತ್ತಿಯವರೇ, ನಿಮ್ಮ ಪ್ರಶ್ನೆಯನ್ನ ರಾತ್ರಿಯೇ ಓದಿದೆ. ಬೆಳಿಗ್ಗೆ ಎದ್ದು ಸಾವಧಾನವಾಗಿ ಬರೆಯೋಣ ಅಂತ ಬಿಟ್ಟಿದ್ದೆ. ಗಂಗೋತ್ರಿ ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ನಾನೂ ಅಲ್ಲೇ ಓದಿದವನು. ಆಮೇಲೆ ಮೂವತ್ತೊಂದು ವರ್ಷ ಖನಿಜ ಹುಡುಕುವ ಕೆಲಸ, ಹೆಚ್ಚಿನ ಪಾಲು ರಾಜಸ್ಥಾನ, ಜಾರ್ಖಂಡ್ ಕಡೆ. ನನ್ನ ಬದುಕೆಲ್ಲ ನಡೆದದ್ದು ಈ "ಸಾಧ್ಯತೆ" ಅನ್ನೋದರ ಮೇಲೇ. ಅದಕ್ಕೆ ಬೆಲೆ ಇಲ್ಲ ಅಂತ ನಾನು ಹೇಳಲಾರೆ. ಆದರೆ ಆ ಬೆಲೆ ಯಾರಿಗೆ ಸೇರುತ್ತೆ, ಎಷ್ಟು ವರ್ಷಕ್ಕೆ ಸೇರುತ್ತೆ ಅನ್ನೋದನ್ನ ಬಿಟ್ಟು ಲೆಕ್ಕ ಹಾಕಿದರೆ ಮನೆ ಮುಳುಗುತ್ತೆ.

ಮೊದಲು ಆ 38 ಮೀಟರ್. ನೀವು ಕಬ್ಬು ಕಡಿಯುವವರು. ಜಲ್ಲೆಯನ್ನ ಮಚ್ಚಿನಿಂದ ನೇರ ಅಡ್ಡಕ್ಕೆ ಕಡಿದರೆ ಕಾಣುವ ಮುಖ ರೂಪಾಯಿ ಬಿಲ್ಲೆಯಷ್ಟು. ಅದೇ ಜಲ್ಲೆಯನ್ನ ಓರೆಯಾಗಿ ಕಡಿದರೆ ಮುಖ ಎರಡರಷ್ಟು ಉದ್ದ ಕಾಣುತ್ತೆ. ಜಲ್ಲೆ ದಪ್ಪ ಆಗಿಲ್ಲ. ಅದಿರಿನ ಪಟ್ಟಿಯೂ ನೆಲದಲ್ಲಿ ವಾಲಿಕೊಂಡಿರುತ್ತೆ. ಬೋರ್ ಅದನ್ನ 30 ಡಿಗ್ರಿ ಓರೆಯಲ್ಲಿ ಹಾದುಹೋದರೆ ಬೋರ್‌ನಲ್ಲಿ 38 ಮೀಟರ್ ಅದಿರು ಕಂಡರೂ ಪಟ್ಟಿಯ ನಿಜವಾದ ದಪ್ಪ 19 ಮೀಟರ್ ಮಾತ್ರ. ಮೆಸೇಜ್ ಬರೆದವರು 300, 100, 38 ಗುಣಿಸಿ, ಘನಮೀಟರ್‌ಗೆ 2.8 ಟನ್ ಹಿಡಿದು, ಶೇ 1.2 ತೆಗೆದು, ಟನ್ನಿಗೆ 8 ಲಕ್ಷ ರೂಪಾಯಿ ಹಾಕಿದಾರೆ. ನಾನು ಹಾಕಿ ನೋಡಿದೆ, 3,064 ಕೋಟಿ ಬರುತ್ತೆ. ನಿಜವಾದ ದಪ್ಪ 19 ಆದರೆ ಒಂದೇ ಏಟಿಗೆ 1,532 ಕೋಟಿ. ಕಂಪನಿಯ ಪ್ರಕಟಣೆಯಲ್ಲಿ "ನಿಜ ದಪ್ಪ" ಅನ್ನೋ ಕಾಲಂ ಇದೆಯಾ ಅಂತ ಮೊದಲು ನೋಡಿ.

ಎರಡನೆಯದು ಬೋರ್‌ಗಳ ನಡುವಿನ ದೂರ. ಇದನ್ನ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ, ನಲವತ್ತು ಅಡಿ ಪಕ್ಕದ ಧೂಳು ನೋಡಿದ್ದೀರಿ. ಭೂಮಿ ಒಳಗಿನದನ್ನ ಎಷ್ಟು ನಂಬಬಹುದು ಅನ್ನೋದಕ್ಕೆ ನಮ್ಮ ದೇಶದಲ್ಲಿ ನಾಲ್ಕು ಮೆಟ್ಟಿಲು ಇವೆ: ಜಿ4 ಮೇಲ್ನೋಟ, ಜಿ3 ಪ್ರಾಥಮಿಕ, ಜಿ2 ಸಾಮಾನ್ಯ, ಜಿ1 ವಿವರವಾದ ಶೋಧ. ಮೆಟ್ಟಿಲು ಏರಿದಂತೆ ಬೋರ್‌ಗಳು ಹತ್ತಿರ ಹತ್ತಿರ ಬರುತ್ತವೆ, ಸಂಖ್ಯೆ ಗಟ್ಟಿಯಾಗುತ್ತೆ. ಬಹಳ ಸಲ ಸಣ್ಣದೂ ಆಗುತ್ತೆ. ನಿಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. 2020ರಲ್ಲಿ ಮರಳಗಾಲ–ಅಲ್ಲಾಪಟ್ಟಣದ ಹತ್ತಿರ ಲಿಥಿಯಂ ಇದೆ, 14,100 ಟನ್ ಅಂತ ಪೇಪರ್‌ನಲ್ಲೆಲ್ಲ ಬಂತು. ಮಂಡ್ಯ ಇನ್ನೇನು ಬ್ಯಾಟರಿಗೆ ರಾಜಧಾನಿ ಅಂದರು. ಮರುವರ್ಷ ಕೇಂದ್ರ ಸರ್ಕಾರ ಸಂಸತ್ತಿನ ಮುಂದಿಟ್ಟ ಸಂಖ್ಯೆ 1,600 ಟನ್, ಅದೂ ಖಾತ್ರಿ ಕಮ್ಮಿ ಇರುವ "ಊಹಿತ" ವರ್ಗದಲ್ಲಿ. ಕಲ್ಲು ಎಲ್ಲೂ ಓಡಿಹೋಗಲಿಲ್ಲ, ಎಣಿಸುವ ರೀತಿ ಬಿಗಿಯಾಯಿತು ಅಷ್ಟೇ. ಮೊದಲ ಸಂಖ್ಯೆ ನಂಬಿ ಯಾರಾದರೂ ಷೇರು ಕೊಂಡಿದ್ದರೆ ಅವರ ಗತಿ ಯೋಚಿಸಿ.

ಇನ್ನು ಅದಿರಿನಲ್ಲಿ ತಾಮ್ರದ ಪ್ರಮಾಣ. ಶೇ 1.2 ಅಂದರೆ ಒಂದು ಟನ್ ಕಲ್ಲಿನಲ್ಲಿ 12 ಕೆಜಿ ತಾಮ್ರ. ಸಕ್ಕರೆ ಕಾರ್ಖಾನೆಯಲ್ಲಿ ಇಳುವರಿ ಶೇ 10.25 ಅಂತ ಹಿಡಿದು ನಿಮಗೆ ದರ ಕಟ್ಟುತ್ತಾರಲ್ಲ, ಇಲ್ಲಿ ಇಳುವರಿ ಅದರ ಒಂಬತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಜಗತ್ತಿನ ಲೆಕ್ಕದಲ್ಲಿ ಇದು ಕಳಪೆ ಅಲ್ಲ, ದೊಡ್ಡ ತೆರೆದ ಗಣಿಗಳು ಇದರ ಅರ್ಧಕ್ಕೂ ನಡೆಯುತ್ತವೆ. ಆದರೆ ಅವು ಮೇಲಿಂದ ಅಗೆಯುವ, ಕೋಟಿಗಟ್ಟಲೆ ಟನ್ ಇರುವ ಗಣಿಗಳು. ಮೆಸೇಜಿನ ಲೆಕ್ಕವನ್ನೇ ಪೂರ್ತಿ ನಂಬಿದರೂ ಇಲ್ಲಿರೋದು 32 ಲಕ್ಷ ಟನ್ ಅದಿರು. ಸಣ್ಣ ನಿಕ್ಷೇಪ. ಅದನ್ನ ಸುರಂಗ ತೋಡಿ ತೆಗೆಯಬೇಕು, ಪುಡಿ ಮಾಡಬೇಕು, ನೊರೆಯಲ್ಲಿ ತೇಲಿಸಿ ಶೇ 20–30 ತಾಮ್ರ ಇರುವ ಪುಡಿ ಮಾಡಬೇಕು, ಕರಗಿಸುವವರಿಗೆ ಮಾರಬೇಕು. ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಸೋರುತ್ತೆ, ಪ್ರತಿ ಹೆಜ್ಜೆಗೂ ದುಡ್ಡು ಬೇಕು. 3,000 ಕೋಟಿ ಅನ್ನೋದು ಆ ಯಾವ ಖರ್ಚನ್ನೂ ಕಳೆಯದ ಸಂಖ್ಯೆ. ಗದ್ದೆಯಲ್ಲಿ ನಿಂತ ಕಬ್ಬನ್ನ ಸಕ್ಕರೆ ದರಕ್ಕೆ ಲೆಕ್ಕ ಹಾಕಿದಂತೆ.

ಕಾಲದ ಲೆಕ್ಕ ಇನ್ನೂ ಕಠಿಣ. ಸಿಕ್ಕಿದ ದಿನದಿಂದ ಮೊದಲ ಟನ್ ಮಾರುವವರೆಗೆ ಹತ್ತು ಹದಿನೈದು ವರ್ಷ ಹಿಡಿಯೋದು ಸಾಮಾನ್ಯ. ಒಯು ತೊಲ್ಗೊಯ್‌ಗೂ 2013 ಆಯಿತು. ಹತ್ತು ವರ್ಷದ ನಂತರ ಬರುವ 100 ರೂಪಾಯಿಗೆ, ವರ್ಷಕ್ಕೆ ಶೇ 12 ಹಿಡಿದರೆ, ಇವತ್ತಿನ ಬೆಲೆ 32 ರೂಪಾಯಿ. ಅದರ ಮೇಲೆ ಗಣಿ ಆಗದೇ ಹೋಗುವ ಅಪಾಯ. ಇದನ್ನೆಲ್ಲ ಕಳೆದೇ ಮಾರುಕಟ್ಟೆ 240 ಕೋಟಿ ಅನ್ನುತ್ತಿರೋದು. ಅಗ್ಗ ಅಂತ ಅಲ್ಲ. ನನ್ನ ಅನುಭವದಲ್ಲಿ 240 ಕೋಟಿಯೇ ಧಾರಾಳ.

ಒಂದು ಘಟನೆ ಹೇಳುತ್ತೇನೆ. ಆಗ ನನಗೆ ಮೂವತ್ತೆರಡು ವಯಸ್ಸು. ನೆಲಕ್ಕೆ ಕರೆಂಟ್ ಹಾಯಿಸಿ ಅದಿರು ಪತ್ತೆ ಮಾಡುವ ಸರ್ವೆಯಲ್ಲಿ 900 ಮೀಟರ್ ಉದ್ದ ಕೆಂಪು ಪಟ್ಟಿ ಬಂತು. ನಕ್ಷೆ ನೋಡಿ ನಾವೆಲ್ಲ ಸಿಹಿ ಹಂಚಿದೆವು. ಮೇಲಧಿಕಾರಿಗಳು ದಿಲ್ಲಿಗೆ ಟೆಲೆಕ್ಸ್ ಕಳಿಸಿದರು. ಮೊದಲ ಬೋರ್ 140 ಮೀಟರ್‌ಗೆ ಹೋದಾಗ ಕೋರ್, ಅಂದರೆ ಬೋರ್‌ನಿಂದ ಬರುವ ಕಲ್ಲಿನ ದಿಂಡು, ತೆಗೆದು ಪೆಟ್ಟಿಗೆಯಲ್ಲಿ ಜೋಡಿಸಿದರು. ನೀರು ಹಾಕಿ ಕೈಯಿಂದ ಒರೆಸಿದೆ. ಅಂಗೈ ಪೂರ್ತಿ ಪೆನ್ಸಿಲ್ ಕಪ್ಪು. ಗ್ರಾಫೈಟ್. ಅದಕ್ಕೂ ಕರೆಂಟ್ ಹರಿಯುತ್ತೆ, ಸರ್ವೆಯಲ್ಲಿ ತಾಮ್ರದ ಅದಿರಿನಂತೆಯೇ ಕಾಣುತ್ತೆ. ಐದು ಬೋರ್ ಕೊರೆದೆವು, ಐದರಲ್ಲೂ ಅದೇ. ಆ ಕಪ್ಪು ಉಗುರಿನ ಸಂದಿಯಿಂದ ಹೋಗೋಕೆ ಎರಡು ದಿನ ಬೇಕಾಯಿತು. ಅಂದಿನಿಂದ ನಕ್ಷೆಯ ಕೆಂಪು ಬಣ್ಣ ನೋಡಿ ಯಾರಾದರೂ ಕೋಟಿ ಹೇಳಿದರೆ ನಾನು ಕೋರ್ ಕೇಳುತ್ತೇನೆ.

ಕೋರ್ ವಿಷಯ ಬಂದಾಗ ಇನ್ನೊಂದು. ಕೋರನ್ನ ಉದ್ದಕ್ಕೆ ಸೀಳಿ ಅರ್ಧ ಲ್ಯಾಬಿಗೆ ಕಳಿಸಿ ಅರ್ಧ ಪೆಟ್ಟಿಗೆಯಲ್ಲೇ ಉಳಿಸಬೇಕು, ನಾಳೆ ಬೇರೆಯವರು ಬಂದು ಪರೀಕ್ಷಿಸಲಿ ಅಂತ. ಇಂಡೊನೇಷ್ಯಾದಲ್ಲಿ ಚಿನ್ನ ಸಿಕ್ಕಿತು ಅಂದ ಕೆನಡಾದ ಬ್ರೆ-ಎಕ್ಸ್ ಕಂಪನಿ ಕೋರ್ ಪೂರ್ತಿ ಪುಡಿ ಮಾಡಿಬಿಟ್ಟಿತ್ತು. 1997ರಲ್ಲಿ ಬೇರೆ ಕಂಪನಿ ಪಕ್ಕದಲ್ಲೇ ಕೊರೆದಾಗ ಚಿನ್ನವೇ ಇಲ್ಲ. ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಿದ್ದರು. 600 ಕೋಟಿ ಕೆನಡಾ ಡಾಲರ್ ಬೆಲೆ ಕಟ್ಟಿದ್ದ ಕಂಪನಿ ಸೊನ್ನೆ ಆಯಿತು. ನಿಮ್ಮ ಕಂಪನಿ ಹಾಗೆ ಅಂತ ಹೇಳುತ್ತಿಲ್ಲ. ಅರ್ಧ ಕೋರ್ ಎಲ್ಲಿದೆ, ಯಾವ ಲ್ಯಾಬ್ ಪರೀಕ್ಷಿಸಿತು ಅಂತ ಕೇಳುವ ಹಕ್ಕು ಷೇರುದಾರರಿಗಿದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಅವರ ಹತ್ತಿರ ಇರೋದು ಯಾವ ಲೈಸೆನ್ಸ್? 2023ರಲ್ಲಿ ಗಣಿ ಕಾಯಿದೆ ತಿದ್ದುಪಡಿ ಮಾಡಿ ತಾಮ್ರವೂ ಸೇರಿ 29 ಖನಿಜಗಳಿಗೆ "ಎಕ್ಸ್‌ಪ್ಲೊರೇಶನ್ ಲೈಸೆನ್ಸ್" ಅಂತ ಹೊಸದು ತಂದರು. ಅದರಲ್ಲಿ ಹುಡುಕಿದವನಿಗೆ ಗಣಿ ಸಿಗಲ್ಲ. ಅವನು ಕಂಡುಹಿಡಿದ ಜಾಗವನ್ನ ಸರ್ಕಾರ ಗಣಿ ಗುತ್ತಿಗೆಗೆ ಹರಾಜು ಹಾಕುತ್ತೆ. ಗೆದ್ದವನು ಕಟ್ಟುವ ಹರಾಜು ಪ್ರೀಮಿಯಂನಲ್ಲಿ ಹುಡುಕಿದವನಿಗೆ ಒಂದು ಪಾಲು ಬರುತ್ತೆ. ಅಷ್ಟೇ. ಇನ್ನೊಂದು ಬಗೆ ಸಂಯುಕ್ತ ಲೈಸೆನ್ಸ್, ಅದರಲ್ಲಿ ಮಾತ್ರ ಸಿಕ್ಕಿದರೆ ಅವರೇ ಗಣಿ ಗುತ್ತಿಗೆ ಪಡೆಯಬಹುದು. ಸ್ಯಾಂಡ್‌ಫೈರ್ ಉದಾಹರಣೆ ಕೊಟ್ಟಿದ್ದಾರಲ್ಲ, 2009ರಲ್ಲಿ ಡಿಗ್ರುಸಾದಲ್ಲಿ ಶೇ 4ಕ್ಕೂ ಮೀರಿದ ಅದಿರು ಸಿಕ್ಕಿತು, ಸೆಂಟ್‌ಗಳಲ್ಲಿದ್ದ ಷೇರು ಡಾಲರ್‌ಗಳಿಗೆ ಹೋಯಿತು, 2012ಕ್ಕೆ ತಾಮ್ರ ಬಂತು. ನಿಜ. ಆದರೆ ಅಲ್ಲಿ ಹುಡುಕಿದವರೇ ಗಣಿಯ ಒಡೆಯರು. ಫಿಲೋಗೂ ಹಾಗೇ. ನಿಮ್ಮ ಕಂಪನಿಯದು ಮೊದಲ ಬಗೆಯ ಲೈಸೆನ್ಸ್ ಆಗಿದ್ದರೆ 3,000 ಕೋಟಿ ಆಗಲಿ 1,500 ಕೋಟಿ ಆಗಲಿ, ಅದು ಅವರದ್ದೇ ಅಲ್ಲ.

ಸರಸ್ವತಿಪುರಂ ಲೆಕ್ಕ — ಮಂಗಳವಾರ ಮಧ್ಯಾಹ್ನ

ನಾನು ಸಿಎ, ಗಣಿ ಬಗ್ಗೆ ಗೊತ್ತಿಲ್ಲ. ಹಿರಿಯರು ಹೇಳಿದ್ದಕ್ಕೆ ಪುಸ್ತಕದ ಕಡೆಯಿಂದ ಎರಡು ಮಾತು ಸೇರಿಸ್ತೀನಿ ಅಣ್ಣ.

ಇಂಥ ಕಂಪನಿಗೆ ಆದಾಯ ಇಲ್ಲ. ಬೋರ್ ಕೊರೆಯೋ ದುಡ್ಡು ಎಲ್ಲಿಂದ? ಹೊಸ ಷೇರು ಮಾರಿ. ಮೂರು ವರ್ಷದ ವಾರ್ಷಿಕ ವರದಿ ತೆಗೆದು ಒಟ್ಟು ಷೇರುಗಳ ಸಂಖ್ಯೆ ಬರೆದುಕೊಳ್ಳಿ. 1 ಕೋಟಿ ಷೇರು ಇದ್ದದ್ದು 4 ಕೋಟಿ ಆಗಿದ್ದರೆ ತಾಮ್ರ ಅಷ್ಟೇ ಇದ್ದರೂ ನಿಮ್ಮ ಪಾಲು ಕಾಲು ಭಾಗ. ತಾಯಿ ಆಸ್ತಿ ಒಂದೇ, ಪಾಲುದಾರರು ನಾಲ್ಕರಷ್ಟು.

ಹುಡುಕಾಟದ ಖರ್ಚನ್ನ ಇಂಡ್ ಎಎಸ್ 106 ಅನ್ನೋ ನಿಯಮದಡಿ ಆಸ್ತಿ ಅಂತ ತೋರಿಸೋಕೆ ಅವಕಾಶ ಇದೆ. ಅಂದರೆ ಕೊರೆದು ಏನೂ ಸಿಗದ ಬೋರ್‌ನ ಖರ್ಚೂ ಸ್ವಲ್ಪ ಕಾಲ ಬ್ಯಾಲೆನ್ಸ್ ಶೀಟ್‌ನಲ್ಲಿ ಆಸ್ತಿಯಾಗೇ ಕೂತಿರಬಹುದು. ಕಾನೂನಿಗೆ ವಿರುದ್ಧ ಅಲ್ಲ, ಆದರೆ "ಕಂಪನಿಯ ಆಸ್ತಿ ಬೆಳೆದಿದೆ" ಅಂತ ಓದಿದಾಗ ಅದರಲ್ಲಿ ಎಷ್ಟು ನಗದು, ಎಷ್ಟು ತೂತು ಅಂತ ನೋಡಿ. ಕೈಲಿರೋ ನಗದನ್ನ ತಿಂಗಳ ಖರ್ಚಿಂದ ಭಾಗಿಸಿ. ಎಂಟು ತಿಂಗಳು ಬಂದರೆ ಎಂಟು ತಿಂಗಳೊಳಗೆ ಮತ್ತೆ ಷೇರು ಮಾರ್ತಾರೆ. ಅದಕ್ಕೆ ಮುಂಚೆ ಒಳ್ಳೆ ಸುದ್ದಿಗಳು ಬರೋದನ್ನ ನಾನು ಬಹಳ ಕಡೆ ನೋಡಿದೀನಿ.

ಮಗಳ ಓದಿನ ದುಡ್ಡು ಅಂದಿದೀರಿ. ನಾನಾಗಿದ್ದರೆ ಅದನ್ನ ಮುಟ್ತಿರಲಿಲ್ಲ.

ಗಂಗೋತ್ರಿ ಹುಡುಗ — ಮಂಗಳವಾರ ಸಂಜೆ

ಲೈಸೆನ್ಸ್ ವಿಷಯ ನನಗೆ ಹೊಳೆದೇ ಇರಲಿಲ್ಲ, ಸಾರ್. ಹಾಗಾದರೆ ನಮ್ಮಲ್ಲಿ ಯಾರು ಹುಡುಕ್ತಾರೆ? ಚಿತ್ರದುರ್ಗದ ಇಂಗಳದಾಳ್‌ಗೆ ಫೀಲ್ಡ್ ಟ್ರಿಪ್ ಹೋದಾಗ ಮುಚ್ಚಿದ ಗಣಿ ನೋಡಿ ಹೊಟ್ಟೆ ಉರೀತು.

ಹಳೇ ಕೋರ್ ಪೆಟ್ಟಿಗೆ — ಮಂಗಳವಾರ ರಾತ್ರಿ

ನನಗೂ ಉರಿಯುತ್ತೆ ಮಗು. ನಾನು ನಿನ್ನಂತೆ ಓದುತ್ತಿದ್ದಾಗ ಇಂಗಳದಾಳ್ ಗಣಿ ನಡೆಯುತ್ತಿತ್ತು, ಕೆಳಗೆ ಇಳಿಸಿದ್ದರು. ಬೆಟ್ಟದಲ್ಲಿ ತಾಮ್ರ ಈಗಲೂ ಇದೆ. ತೆಗೆಯುವ ಖರ್ಚು ಮಾರುವ ಬೆಲೆಯನ್ನ ಮೀರಿದ ದಿನ ಅದು ಬರೀ ಕಲ್ಲಾಯಿತು. ಬೆಲೆ ಏರಿದರೆ ಮತ್ತೆ ಅದಿರಾಗಬಹುದು. ಇದು ಹುಡುಕುವವರ ತಪ್ಪಲ್ಲ. ಹುಡುಕಿದವನಿಗೆ ತಕ್ಕ ಪಾಲು ಸಿಗಬೇಕು ಅಂತ ನಾನೂ ಹೇಳುತ್ತಲೇ ಬಂದಿದ್ದೇನೆ. ಈಗಿನ ಪದ್ಧತಿಯ ಹರಾಜು ಇನ್ನೂ ಹೊಸದು, ನೋಡೋಣ.

ಅನುಮತಿ ಇದ್ದ ಮಾತ್ರಕ್ಕೂ ಎಲ್ಲ ಮುಗಿಯಲ್ಲ. ಪನಾಮಾದಲ್ಲಿ ಫಸ್ಟ್ ಕ್ವಾಂಟಮ್ ಕಂಪನಿಯ ತಾಮ್ರದ ಗಣಿ ಚೆನ್ನಾಗಿ ನಡೆಯುತ್ತಿತ್ತು, ಜಗತ್ತಿನ ತಾಮ್ರದಲ್ಲಿ ಶೇ 1ರಷ್ಟು ಅಲ್ಲಿಂದಲೇ. 2023ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಂದವೇ ಸಂವಿಧಾನಬಾಹಿರ ಅಂತು, ಗಣಿ ನಿಂತಿತು. ಈ ಗಲಾಟೆ ಶುರುವಾದ ಕೆಲವೇ ವಾರಗಳಲ್ಲಿ ಷೇರಿನ ಬೆಲೆ ಅರ್ಧಕ್ಕೂ ಕೆಳಗೆ ಬಿತ್ತು. ಅದಿರು ಒಂದು ಕೆಜಿ ಕಮ್ಮಿಯಾಗಿರಲಿಲ್ಲ.

ಕೊತ್ತತ್ತಿ ರೈತ — ಶುಕ್ರವಾರ ರಾತ್ರಿ

ಎಲ್ಲರಿಗೂ ಕೈ ಮುಗಿತೀನಿ. ಇಷ್ಟು ಬರೆದು ಹೇಳ್ತೀರಿ ಅನ್ಕೊಂಡಿರಲಿಲ್ಲ.

ಕಂಪನಿ ಷೇರು ಮಾರ್ಕೆಟ್‌ಗೆ ಕೊಟ್ಟ ಪತ್ರ ಎಲ್ಲಾ ಮಗಳ ಕೈಲಿ ತೆಗೆಸಿದೆ. ಅವಳೇ ಓದಿ ಹೇಳಿದಳು. ಅದು ಎಕ್ಸ್‌ಪ್ಲೊರೇಶನ್ ಲೈಸೆನ್ಸೇ. ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅದೆ. ನಿಜ ದಪ್ಪದ ಕಾಲಂ ಇಲ್ಲ, "ಬೋರ್ ಉದ್ದ" ಅಂತ ಮಾತ್ರ ಅದೆ. ಮೂರರಲ್ಲಿ ಒಂದು ಬೋರ್ ಫಲಿತಾಂಶ ಮಾತ್ರ ಹೇಳವ್ರೆ, ಉಳಿದೆರಡು "ಬರಬೇಕಿದೆ". ಎರಡು ವರ್ಷದಲ್ಲಿ ಷೇರು ಸಂಖ್ಯೆ 2.6 ಪಟ್ಟು ಆಗದೆ. ಕಂಪನಿ ಸೆಕ್ರೆಟರಿಗೆ ಅರ್ಧ ಕೋರ್ ಎಲ್ಲದೆ ಅಂತ ಇಮೇಲ್ ಹಾಕ್ಸಿದೀನಿ, ಇನ್ನೂ ಉತ್ತರ ಇಲ್ಲ.

ನನ್ನ ದುಡ್ಡು ಬ್ಯಾಂಕಲ್ಲೇ ಅದೆ, ಅಲ್ಲೇ ಇರ್ತದೆ. ಸಂಕಟ ಭಾಮೈದಂದು. ಇದನ್ನೆಲ್ಲ ಹೇಳಿದ್ರೆ "ಭಾವ, ನಿಮಗೆ ಭಯ, ಅದಕ್ಕೆ ಹಿಂಗೆ" ಅಂತಾನೆ. ಷೇರು ನೆನ್ನೆ 66 ಆಯ್ತು, ಇನ್ನೂ ಐವತ್ತು ಸಾವಿರ ಹಾಕ್ತೀನಿ ಅಂತ ಕೂತವ್ನೆ. ನನ್ನ ಹೆಂಡ್ತಿ ಒಬ್ಬನೇ ತಮ್ಮ ಅವನು. ಹೆಂಗೆ ಹೇಳೋದು ಗೊತ್ತಾಗ್ತಿಲ್ಲ.

ಹಳೇ ಕೋರ್ ಪೆಟ್ಟಿಗೆ — ಶುಕ್ರವಾರ ರಾತ್ರಿ

ಭಾನುವಾರ ಅವರನ್ನ ನಮ್ಮ ಮನೆಗೆ ಕರಕೊಂಡು ಬನ್ನಿ. ಷೇರು ಮಾರಿ ಅಂತ ನಾನೂ ಹೇಳಲ್ಲ, ಅದು ಅವರ ತೀರ್ಮಾನ. ನನ್ನ ಹತ್ತಿರ ಗೇಣುದ್ದದ ಎರಡು ಕೋರ್ ತುಂಡು ಇವೆ. ಎರಡೂ ಹಿತ್ತಾಳೆ ಬಣ್ಣಕ್ಕೆ ಹೊಳೆಯುತ್ತವೆ. ಕೈಗೆ ಚಾಕು ಕೊಡುತ್ತೇನೆ, ಗೀರಲಿ. ಒಂದರ ಮೇಲೆ ಗೀರು ಬೀಳುತ್ತೆ, ಕಪ್ಪು ಹಸಿರು ಪುಡಿ ಉದುರುತ್ತೆ, ಅದು ತಾಮ್ರದ ಅದಿರು. ಇನ್ನೊಂದರ ಮೇಲೆ ಚಾಕು ಜಾರುತ್ತೆ, ಅದು ಬರೀ ಕಬ್ಬಿಣ ಗಂಧಕ. ಕಣ್ಣಿಗೆ ಎರಡೂ ಒಂದೇ. ಅದಾದ ಮೇಲೆ ಆ ಎರಡನೇ ಪುಟವನ್ನ ಒಟ್ಟಿಗೆ ಕೂತು ಓದೋಣ. ಮಗಳನ್ನೂ ಕರಕೊಂಡು ಬನ್ನಿ, ಅಷ್ಟು ಚೆನ್ನಾಗಿ ಓದಿದ್ದಾಳೆ.

ಕೊತ್ತತ್ತಿ ರೈತ — ಶನಿವಾರ ಬೆಳಿಗ್ಗೆ

ಬರ್ತಾನಂತೆ ಸಾರ್. ಅಕ್ಕನ ಕೈಲಿ ಹೇಳಿಸಿದೆ, ಒಪ್ಪಿದ. ಮಂಡ್ಯದಿಂದ ಬೆಳಿಗ್ಗೆ ರೈಲು ಹತ್ತಿ ಹತ್ತು ಗಂಟೆ ಒಳಗೆ ಮೈಸೂರಲ್ಲಿರ್ತೀವಿ. ಸ್ಟೇಷನ್‌ನಿಂದ ಕುವೆಂಪುನಗರಕ್ಕೆ ಯಾವ ಬಸ್ಸು ಹತ್ತಬೇಕು ಅಂತ ತಿಳಿಸಿ. ಮನೆ ಆಲೆಮನೆ ಬೆಲ್ಲ ಒಂದು ಅಚ್ಚು ತರ್ತಾ ಇದೀನಿ, ಬೇಡ ಅನ್ನಬೇಡಿ.